ಸುಕ್ರಿ ಕೇಳಲು ಹೋದ ಅಪ್ಪಣೆ

ಬೊಬ್ರುವಾಡದ ಸುಕ್ರಿ ಅಪ್ಪಣೆ ಕೇಳದೆ ಯಾವ ಕೆಲಸಕ್ಕೂ ಕೈ ಹಾಕಿದವಳಲ್ಲ. ಬೀಜ ಬಿತ್ತುವ ಮೊದಲು, ಸೊಸೆ ತರುವ ಮೊದಲು ದೇವರ ಮುಂದೆ ಕಾಯಿ ಇಟ್ಟು ನಿಲ್ಲುವಳು. ಕಲ್ಲಿಗೆ ಅಂಟಿಸಿದ ಹೂವು ಬಲಕ್ಕೆ ಬಿದ್ದರೆ ಆಯಿತು, ಎಡಕ್ಕೆ ಬಿದ್ದರೆ ಇಲ್ಲ. ಜನ್ಮವೆಲ್ಲ ಹೀಗೆ ನಡೆದವಳು ಕಾರವಾರಕ್ಕೂ ಕಾಯಿ ಹಿಡಿದೇ ಹೋದಳು. ಅದರಲ್ಲಿ ನಗುವಂಥದ್ದೇನೂ ಇಲ್ಲ.

ಅವಳ ಹಿರೇಮಗ ಸೋಮ ಕೂಲಿಯಾಳು. ದುಡಿತಕ್ಕೆ ಎಷ್ಟು ಗಟ್ಟಿಯೋ ಕುಡಿತಕ್ಕೂ ಅಷ್ಟೇ. ಪ್ರತಿ ಶ್ರಾವಣಕ್ಕೆ ದೇವರ ಮೇಲೆ ಆಣೆ ಇಟ್ಟು ಕುಡಿತ ಬಿಡುವನು. ಚೌತಿ ಕಳೆದ ಮರುದಿನ ಆಣೆ ತೀರಿತೆಂದು, ಬಿಟ್ಟದ್ದನ್ನೆಲ್ಲ ಸೇರಿಸಿ ಕುಡಿಯುವನು. ನಾಯಿ ಬಾಲ ಡೊಂಕೇ ಎಂದು ಊರು ಕೈಬಿಟ್ಟಿತ್ತು. ಕೈಬಿಡದವಳು ಹೆಂಡತಿ ಮಂಜಿ ಒಬ್ಬಳೇ. ಕಳೆದ ಬೇಸಿಗೆಯಲ್ಲಿ ಅವನು ರಕ್ತ ಕಾರಿಕೊಂಡಾಗ ಅಂಕೋಲೆಯ ಆಸ್ಪತ್ರೆಗೆ ಸೇರಿಸಿದಳು. ಇನ್ನೊಮ್ಮೆ ಕುಡಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅಲ್ಲಿನ ನರ್ಸ್ ಯಶೋದಾ ಒಂದು ಫೋನ್ ನಂಬರ್ ಕೊಟ್ಟಳು. ಕಾರವಾರದಲ್ಲಿ ಶಾಲೆಯೊಂದರ ಹಿಂದಿನ ಕೋಣೆಯಲ್ಲಿ ಕುಡಿತ ಬಿಟ್ಟವರು ಭಾನುವಾರ ಸಂಜೆ ಸೇರುತ್ತಾರಂತೆ. ಮದ್ದಿಲ್ಲ, ಮಂತ್ರವಿಲ್ಲ, ಬರೀ ಮಾತು. ಮಾತಿನಿಂದ ಕುಡಿತ ಹೋಗುವುದಾದರೆ ತನ್ನ ಬೈಗುಳಕ್ಕೇ ಹೋಗಬೇಕಿತ್ತು ಎಂದುಕೊಳ್ಳುತ್ತಲೇ ಮಂಜಿ ಗಂಡನನ್ನು ಬಸ್ ಹತ್ತಿಸಿದಳು. ಮೊದಲ ದಿನ ಹೊರಗೆ ಮೆಟ್ಟಿಲ ಮೇಲೆ ಕಾದು ಕೂತಳು. ಆಮೇಲೆ ಅವನೇ ಹೋಗತೊಡಗಿದ. ಮಳೆಗಾಲವಿಡೀ ಒಂದು ಹನಿ ಮುಟ್ಟಲಿಲ್ಲ. ಚೌತಿ ಬಂದು ಹೋಯಿತು, ಆಗಲೂ ಮುಟ್ಟಲಿಲ್ಲ.

ಅಷ್ಟರಲ್ಲಿ ಮಹಾಲಯ ಹತ್ತಿರ ಬಂತು. ಆ ಮನೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ಸತ್ತವರಿಗೆ ಇಷ್ಟವಾದದ್ದು ಬಾಳೆಲೆಯ ಮುಂದೆ ಬರಲೇಬೇಕು. ಸೋಮನ ಅಪ್ಪನಿಗೆ ಇಷ್ಟವಾದದ್ದು ಒಂದೇ, ಅವನನ್ನು ತಿಂದದ್ದೂ ಅದೇ. ಎಲೆಯ ಪಕ್ಕ ಸರಾಯಿ ಗ್ಲಾಸು ಇಟ್ಟು ಬಾಗಿಲು ಮುಚ್ಚುತ್ತಾರೆ. ತೆರೆದ ಮೇಲೆ ಹಿರೇಮಗ ಅದನ್ನು ಕುಡಿದು ಬರಿದು ಮಾಡಬೇಕು. ಮಾಡದಿದ್ದರೆ ಸತ್ತವನು ಬಾಯಾರಿ ತಿರುಗುತ್ತಾನೆ, ಮನೆಯ ಮಕ್ಕಳನ್ನು ಕಾಡುತ್ತಾನೆ ಎಂದು ಸುಕ್ರಿ ನಂಬಿದ್ದಳು.

"ಒಂದ್ ಗುಟುಕು ಸಾಕು, ತಮಾ. ಅಪ್ಪನ ಸಲುವಾಗಿ."

ಸೋಮ ನೆಲ ನೋಡಿದ. "ಅವ್ವಿ, ಆ ಒಂದ್ ಗುಟುಕೇ ನಂಗೆ ಆಗುದಿಲ್ಲ."

"ಸತ್ತವ್ರಿಗೆ ಬಾಯಾರ್ತದೆ ಹೇಳಿ ಇದ್ದವ್ನ ಸಾಯ್ಸುದಾ, ಅತ್ತೆ?" ಎಂದಳು ಮಂಜಿ.

ಸುಕ್ರಿಗೆ ಅತ್ತ ದರಿ, ಇತ್ತ ಪುಲಿ. ಒಂದು ಕಡೆ ಗಂಡನ ಬಾಯಾರಿಕೆ, ಇನ್ನೊಂದು ಕಡೆ ಮಗನ ಜೀವ. ಯೋಚಿಸಿ ಯೋಚಿಸಿ ಕೊನೆಗೊಂದು ದಾರಿ ಕಂಡಳು. ಅವಳ ಲೆಕ್ಕದಲ್ಲಿ ಮಗನ ಈ ಸಲದ ಆಣೆ ಕಾರವಾರದಲ್ಲಿ ಕಟ್ಟಿದ್ದು, ಸಡಿಲಿಸಬೇಕಾದವರೂ ಅಲ್ಲಿಯವರೇ. ಮನೆಯವರೂ ಬರಬಹುದಾದ ಭಾನುವಾರ ನೋಡಿ, ಸೆರಗಿನಲ್ಲಿ ಅಬ್ಬಲಿಗೆ ಹೂವು, ಕೈಯಲ್ಲಿ ಕಾಯಿ ಹಿಡಿದು ಮಗನ ಜೊತೆ ಬಸ್ ಹತ್ತಿದಳು.

ಕೋಣೆಯಲ್ಲಿ ದೇವರಿರಲಿಲ್ಲ. ಮಕ್ಕಳ ಬೆಂಚು, ಚಹಾದ ಕೆಟಲ್ ಇದ್ದವು. ಸಭೆ ನಡೆಸುತ್ತಿದ್ದ ಸಾಯಿನಾಥ ಎಂಬ ಮುದುಕ ಹಿಂದೆ ಲಾರಿ ಓಡಿಸುತ್ತಿದ್ದವನು. ಸುಕ್ರಿ ಕಾಯಿ ಹೂವು ಅವನ ಮುಂದಿಟ್ಟು ಕೈಮುಗಿದಳು.

"ಒಡೆಯಾ, ಮಾಳಯದ ದಿನ ನನ್ನ ಮಗಂಗೆ ಒಂದ್ ಗ್ಲಾಸಿಗೆ ಅಪ್ಪಣೆ ಆಗ್ಬೇಕು. ಮರ್ದಿನ ನಿಮ್ಮ ಕಟ್ಟಿಗೇ ತಿರ್ಗಿ ಬತ್ತ."

ಯಾರೂ ನಗಲಿಲ್ಲ. ಸೋಮನಿಗೆ ಮಾತ್ರ ನೆಲ ಬಾಯಿ ಬಿಡಬಾರದೇ ಅನಿಸಿತು.

"ಆಯಿ, ಇಲ್ಲಿ ಅಪ್ಪಣೆ ಕೊಡುವವ್ರು ಯಾರೂ ಇಲ್ಲ. ಎಲ್ಲಾ ಕುಡುಕ್ರೇ," ಎಂದ ಸಾಯಿನಾಥ. "ಕೂತ್ಕಳಿ, ಚಾ ಕುಡೀರಿ."

ಆಮೇಲೆ ಅವನೇ ಎದ್ದು ಮಾತಾಡಿದ. "ನಾನು ಸಾಯಿನಾಥ, ನಾನು ಕುಡುಕ. ಬೆಳಿಗ್ಗೆ ಕೈ ನಡುಗಿ ಗ್ಲಾಸು ಹಿಡೀಲಿಕ್ಕಾಗ್ತಿರಲಿಲ್ಲ. ನನ್ನ ಹೆತ್ತ ಆಯಿನೇ ಬಾಯಿಗೆ ಹಿಡೀತಿದ್ಲು. ಪ್ರೀತಿಯಿಂದ್ಲೇ ಕೊಟ್ಟದ್ದು. ಸಾಯೋ ತನಕ ಅದನ್ನೇ ನೆನೆಸಿ ಅತ್ಲು."

ಸುಕ್ರಿಯ ಕೈಯಲ್ಲಿ ಚಹಾ ತಣ್ಣಗಾಯಿತು. ಗಂಡ ಸತ್ತ ದಿನ ಬೆಳಿಗ್ಗೆ ಅವಳೂ ಹಾಗೇ ಅವನ ಬಾಯಿಗೆ ಗ್ಲಾಸು ಹಿಡಿದಿದ್ದಳು, ಪಾಪ ನಡುಗುತ್ತಾನೆಂದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಮುಂದೆ ಸೋಮ ಎದ್ದ. "ನಾನು ಸೋಮ, ನಾನು ಕುಡುಕ. ಇವತ್ತು ಕುಡೀಲಿಲ್ಲ. ನಂಗೆ ಮಾಳಯದ ಹೆದ್ರಿಕೆ ಅದೆ. ಅಪ್ಪಂದಲ್ಲ, ಆ ಗ್ಲಾಸಿಂದು." ಹೆದರಿಕೆ ಎಂಬ ಮಾತು ಆ ಮಗನ ಬಾಯಲ್ಲಿ ಅವಳು ಕೇಳಿದ್ದು ಅದೇ ಮೊದಲು. ಸೆರಗನ್ನು ಬಾಯಿಗೊತ್ತಿಕೊಂಡಳು. ಹೊರಡುವಾಗ ಸಾಯಿನಾಥ ಕಾಯಿಯನ್ನು ಅವಳ ಕೈಗೇ ಮರಳಿ ಕೊಟ್ಟ.

ಮಹಾಲಯದ ದಿನ ಸುಕ್ರಿ ಯಾವ ಕಲ್ಲಿಗೂ ಹೂವು ಅಂಟಿಸಲಿಲ್ಲ. ಅನ್ನ, ವಡೆ, ಮೀನಿನ ಸಾರು ಬಡಿಸಿ, ಗಂಡನ ಗ್ಲಾಸನ್ನು ತೊಳೆದು ಎಲೆಯ ಪಕ್ಕ ಇಟ್ಟಳು. ಮಂಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಸುಕ್ರಿ ಕಾರವಾರದಿಂದ ತಿರುಗಿ ಬಂದ ಕಾಯಿಯನ್ನು ಒಡೆದು, ಅದರ ನೀರನ್ನು ಆ ಗ್ಲಾಸಿಗೆ ಬಗ್ಗಿಸಿದಳು.

"ಇದ್ನೇ ಕುಡಿ," ಎಂದಳು ಎಲೆಗೆ. "ಅದ್ನ ಕೊಟ್ಟು ಕೊಟ್ಟು ನಿನ್ನ ನಾನೇ ಕಳ್ಸಿದೆ. ಮಗನ್ನ ಕಳ್ಸುದಿಲ್ಲ. ಸಿಟ್ಟಾದ್ರೆ ನನ್ನ ಮೈಮೇಲೆ ಬಾ, ಹುಡ್ಗ್ರ ತಂಟೆಗೆ ಹೋಗ್ಬೇಡ."

ಬಾಗಿಲು ಮುಚ್ಚಿದರು. ತೆರೆದ ಮೇಲೆ ಸೋಮ ಒಳಗೆ ಹೋಗಿ, ಎರಡೂ ಕೈಯಲ್ಲಿ ಗ್ಲಾಸು ಎತ್ತಿ, ತಳ ಕಾಣುವ ತನಕ ಕುಡಿದ.