ಇಲ್ಲಮ್ಮನ ಮನೆಗೊಂದು ಬಚ್ಚಲು

ಅವರ ನಿಜವಾದ ಹೆಸರು ನಮ್ಮ ಬಡಾವಣೆಯಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ವಸತಿ ಮಂಡಳಿಯ ಕಚೇರಿಯಲ್ಲಿ ಮನೆ ಮಾರ್ಪಾಡಿಗೆ ಅನುಮತಿ ಕೊಡುವ ಮೇಜು ಅವರದು. ಯಾರು ಹೋಗಿ ಏನು ಕೇಳಿದರೂ ಮೊದಲು ನಕ್ಷೆ ಬಿಡಿಸುವರು, ಬೆರಳಿಟ್ಟು ನೋಡುವರು, ಆಮೇಲೆ ಕನ್ನಡಕದ ಮೇಲಿಂದ ಮುಖ ನೋಡಿ, ‘ಇಲ್ಲಮ್ಮ, ಇದು ಆಗಲ್ಲ’ ಅನ್ನುವರು. ಕೇಳಿದವರು ಗಂಡಸಾದರೆ ‘ಇಲ್ಲಪ್ಪ’. ಹೆಸರು ಮಾತ್ರ ಇಲ್ಲಮ್ಮ ಅಂತಲೇ ನಿಂತುಬಿಟ್ಟಿತು. ಒಮ್ಮೆ ಯಾರೋ ಕಚೇರಿ ಬಾಗಿಲಲ್ಲಿ ನಿಂತು ಇಲ್ಲಮ್ಮ ಇದ್ದಾರಾ ಅಂತ ಕೇಳಿದರಂತೆ. ಜವಾನ ‘ಇಲ್ಲಮ್ಮ ಇಲ್ಲ’ ಅಂದನಂತೆ. ‘ಇಲ್ಲ ಅನ್ನೋಕೆ ಅವರೇ ಇಲ್ಲ ಅಂದ್ಮೇಲೆ ಇವತ್ತು ಎಲ್ಲಾ ಆಗುತ್ತೆ ಅಂತ ತಾನೇ?’ ಅಂತ ಬಂದವರು ಒಳಗೆ ನುಗ್ಗಿದರಂತೆ. ಈ ಕಥೆ ಅವರ ಕಿವಿಗೂ ಬಿದ್ದಿತ್ತು. ನಕ್ಕು ಸುಮ್ಮನಾಗಿದ್ದರು.

ನಮ್ಮ ಮನೆಗಳು ಹೇಗಿವೆ ಅಂತ ಹೇಳದೆ ಅವರ ಕಥೆ ಹೇಳಲಾಗದು. ಒಂದೊಂದು ಮನೆಗೂ ಎರಡೆರಡು ಅಂತಸ್ತು. ಬಾಗಿಲು ತೆಗೆದರೆ ನಡುಮನೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡು ಒಬ್ಬರು ನಿಂತರೆ ತುಂಬಿಹೋಗುವ ಉಗ್ರಾಣ. ನಡುಮನೆಯ ಪಕ್ಕದಿಂದ ಕಡಿದಾದ ಮೆಟ್ಟಿಲು. ಮೇಲೆ ಎರಡು ಮಲಗುವ ಕೋಣೆ, ಒಂದು ಬಚ್ಚಲು, ಕಕ್ಕಸೂ ಅದರೊಳಗೇ. ಇಂಥ ಮನೆಯ ತಲೆಯ ಮೇಲೆ ಅಂಥದೇ ಇನ್ನೊಂದು ಮನೆ, ಅದರ ತಲೆಯ ಮೇಲೆ ಮತ್ತೊಂದು. ಹೀಗಾಗಿ ನಮ್ಮ ನಡುಮನೆಯ ನೆಲವೇ ಕೆಳಗಿನವರ ಮಲಗುವ ಕೋಣೆಯ ಸೂರು. ನಮ್ಮ ಅಡುಗೆಮನೆ, ಉಗ್ರಾಣದ ಕೆಳಗಿರುವುದು ಅವರ ಬಚ್ಚಲು.

ನಿಯಮಗಳೆಲ್ಲ ಹುಟ್ಟಿದ್ದು ಇದರಿಂದಲೇ. ಮೆಟ್ಟಿಲ ಪಕ್ಕದ ದಪ್ಪ ಗೋಡೆ ಮುಟ್ಟಬಾರದು, ಅದು ಮೇಲಿನವರನ್ನೆಲ್ಲ ಹೊತ್ತಿದೆ. ಮೆಟ್ಟಿಲು ಕಿತ್ತು ಬೇರೆ ಕಡೆ ಇಡಬಾರದು. ಹಳೆಯ ನೆಲದ ಮೇಲೆ ಹೊಸ ಕಲ್ಲು ಹೇರುತ್ತಾ ಹೋಗಬಾರದು. ನೀರು ಬೀಳುವ ಜಾಗ ಇನ್ನೊಬ್ಬರ ನೀರು ಬೀಳುವ ಜಾಗದ ಮೇಲೇ ಬರಬೇಕು, ಅವರ ಮಂಚದ ಮೇಲಲ್ಲ.

ಆದರೆ ಮನೆ ಕಟ್ಟಿದವರು ಮನೆಗೊಂದು ಅಳತೆ ಕೊಟ್ಟರು, ಸಂಸಾರಕ್ಕೆ ಅಳತೆ ಕೊಡೋಕೆ ಯಾರ ಕೈಲಾಗುತ್ತದೆ? ಹೊಸದಾಗಿ ಮದುವೆಯಾದವರು ಬಂದು ಎರಡು ಕೋಣೆಯ ನಡುವಿನ ಅಡ್ಡಗೋಡೆ ತೆಗೀತೀವಿ ಅನ್ನುವರು. ಅವರೇ ಮಕ್ಕಳು ಬೆಳೆದ ಮೇಲೆ ಬಂದು ಅದೇ ಗೋಡೆ ಮತ್ತೆ ಕಟ್ಟಿಸ್ತೀವಿ ಅನ್ನುವರು. ಮಂಡಿ ನೋವು ಶುರುವಾದ ಮೇಲೆ ಮೆಟ್ಟಿಲೇ ಬೇಡ ಅನ್ನುವರು. ಅರ್ಜಿ ನೋಡಿದರೆ ಸಾಕು, ಆ ಮನೆಯವರ ವಯಸ್ಸು ಹೇಳಬಲ್ಲೆ ಅಂತ ಇಲ್ಲಮ್ಮ ಹೇಳುತ್ತಿದ್ದುದುಂಟು.

ಅವರು ಅಷ್ಟು ಬಿಗಿಯಾಗಿದ್ದದ್ದಕ್ಕೆ ಕಾರಣ ಇತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮನೆಯವರು ನಡುಮನೆ ಸ್ವಲ್ಪ ಅಗಲವಾಗಲಿ ಅಂತ ದಪ್ಪ ಗೋಡೆಯಲ್ಲಿ ದೊಡ್ಡದೊಂದು ಕಿಂಡಿ ಕೊರೆಸಿ, ಮುಂದೆ ಬೀರು ನಿಲ್ಲಿಸಿ ಮುಚ್ಚಿಟ್ಟಿದ್ದರು. ಕೆಲವು ತಿಂಗಳಲ್ಲಿ ಮೇಲಿನ ಮನೆಯ ಬಾಗಿಲುಗಳು ಹಾಕಿಕೊಳ್ಳದಾದವು. ಆಮೇಲೆ ಅದರ ಮೇಲಿನ ಮನೆಯ ನೆಲ ಬಿರುಕು ಬಿಟ್ಟಿತು. ಆ ಸಾಲಿನ ಸಂಸಾರಗಳನ್ನೆಲ್ಲ ಎಬ್ಬಿಸಿ ಹತ್ತಿರದ ಶಾಲೆಯಲ್ಲಿ ಇರಿಸಬೇಕಾಯಿತು. ಬಾಣಂತಿಯೊಬ್ಬಳನ್ನು ಕೈಹಿಡಿದು ಇಳಿಸಿದವರು ಇಲ್ಲಮ್ಮ. ಆಕೆ ಮೆಟ್ಟಿಲ ಮೇಲೆ ನಿಂತು, ‘ನಾವು ಏನೂ ಮಾಡಿಲ್ವಲ್ಲಾ ಅಕ್ಕ, ನಮ್ಮ ಮನೆ ಯಾಕೆ ಬಿರಿತು?’ ಅಂತ ಕೇಳಿದಳು. ಅಲ್ಲಿಂದ ಮುಂದೆ ಬೀರು ಸರಿಸಿ ನೋಡದೆ ಯಾವ ಮನೆಯಿಂದಲೂ ಅವರು ಹೊರಗೆ ಬರುತ್ತಿರಲಿಲ್ಲ. ಯಥಾರ್ಥವಾದಿ ಲೋಕವಿರೋಧಿ ಅಂತಾರಲ್ಲ, ಹಾಗೆಯೇ ಆಯಿತು. ಅವರನ್ನು ಯಾರೂ ಮದುವೆ ಮುಂಜಿಗೆ ಕರೆಯುತ್ತಿರಲಿಲ್ಲ. ತಾವೂ ಮದುವೆಯಾಗಲಿಲ್ಲ. ತಾಯಿಯ ಜೊತೆ ಅಂಥದೇ ಒಂದು ಮನೆಯಲ್ಲಿ ಇದ್ದರು.

ಒಂದು ಸಲ ಟ್ಯಾಕ್ಸಿ ಓಡಿಸುವವರೊಬ್ಬರು ಬಂದರು. ಅವರ ತಂದೆಗೆ ಮೆಟ್ಟಿಲು ಹತ್ತಿ ಇಳಿಯಲು ಆಗುತ್ತಿರಲಿಲ್ಲ. ನಡುಮನೆಯಲ್ಲೊಂದು ಸಣ್ಣ ಬಚ್ಚಲು ಕಟ್ಟಿಸಿದರೆ ಅಪ್ಪ ಕೆಳಗೇ ಇರಬಹುದು ಅಂತ ಕೇಳಿಕೊಂಡರು. ಕೆಳಗಿನ ಮನೆಯವರ ಮಂಚದ ಮೇಲೆ ಬಚ್ಚಲು. ಇಲ್ಲಪ್ಪ ಅಂದರು ಇವರು. ಟ್ಯಾಕ್ಸಿಯವರು ಜಗಳವಾಡಲಿಲ್ಲ. ನಕ್ಷೆ ಮಡಚಿಕೊಂಡು ಎದ್ದುಹೋದರು. ಹಿಂದೆ ಇನ್ನೂ ಹತ್ತಾರು ಜನ ಕಾಯುತ್ತಿದ್ದರು.

ಕಾಲ ಉರುಳಿತು. ಇಲ್ಲಮ್ಮನ ತಾಯಿಗೆ ಎಂಬತ್ತು ದಾಟಿತು. ಗಟ್ಟಿ ಹೆಂಗಸು. ಮಗಳಿಗೆ ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟವರಲ್ಲ. ಒಂದು ಬೆಳಗ್ಗೆ ಸ್ನಾನ ಮುಗಿಸಿ ಇಳಿಯುವಾಗ ಕಾಲು ಜಾರಿ ಕೊನೆಯ ಕೆಲವು ಮೆಟ್ಟಿಲು ಕೂತೇ ಇಳಿದರು. ಸೊಂಟದ ಮೂಳೆ ಉಳಿಯಿತು, ಧೈರ್ಯ ಮುರಿಯಿತು. ನಮ್ಮಲ್ಲಿ ಲಿಫ್ಟು ಮನೆಯ ಬಾಗಿಲವರೆಗೂ ತಂದು ಬಿಡುತ್ತದೆ, ಬಾಗಿಲ ಒಳಗಿನ ಮೆಟ್ಟಿಲಿಗೆ ಲಿಫ್ಟಿಲ್ಲ. ತಾಯಿ ನಡುಮನೆಯಲ್ಲೇ ಮಂಚ ಹಾಕಿಸಿಕೊಂಡರು. ದಿನಕ್ಕೊಂದು ಸಲ ಮಗಳ ಭುಜ ಹಿಡಿದು, ಮೆಟ್ಟಿಲು ಮೆಟ್ಟಿಲಿಗೂ ನಿಂತು, ಮೇಲಿನ ಬಚ್ಚಲಿಗೆ ಹೋಗುವರು. ಮಿಕ್ಕ ಹೊತ್ತಿನಲ್ಲಿ ಬಾಯಾರಿದರೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಮತ್ತೆ ಹತ್ತಬೇಕಲ್ಲ.

ಮಗಳಿಗೆ ಇದು ಗೊತ್ತಾಗುವ ಹೊತ್ತಿಗೆ ತಾಯಿಯ ತುಟಿ ಒಡೆದಿತ್ತು. ಆಗ ತಾಯಿಯೇ ಕೇಳಿದರು, ಇಲ್ಲೇ ಮಂಚದ ಪಕ್ಕ ಒಂದು ಬಚ್ಚಲು ಮಾಡಿಸಿಕೊಡು ಅಂತ. ಆಗಲ್ಲಮ್ಮ, ಕೆಳಗೆ ಬೇಕರಿಯವರ ಕೋಣೆ ಬರುತ್ತೆ ಅಂದರು ಮಗಳು. ಬೇಕರಿಯವರು ಅಂದರೆ ಕೆಳಗಿನ ಮನೆಯಲ್ಲಿದ್ದವರು. ಬೆಳಗಾಗುವ ಮುಂಚೆ ಒಲೆ ಹೊತ್ತಿಸಿ, ಮಧ್ಯಾಹ್ನ ಬಂದು ಮಲಗುವವರು. ತಾಯಿ ಸುಮ್ಮನೆ ಕೂರಲಿಲ್ಲ. ಬಾಲ್ಕನಿಯಿಂದಲೇ ಕೂಗಿ ಅವರನ್ನು ಮೇಲೆ ಕರೆಸಿ, ಮಗಳ ಎದುರಿಗೇ ಕೇಳಿಬಿಟ್ಟರು. ಅವರೋ ಒಳ್ಳೆಯ ಮನುಷ್ಯ. ಮಾಡಿಸಿಕೊಳ್ಳಿ ಅಜ್ಜಿ, ಒಂದೆರಡು ಹನಿ ಬಿದ್ದರೆ ಮಂಚ ಸರಿಸಿಕೊಂಡರಾಯ್ತು, ನನ್ನದೇನೂ ತಕರಾರಿಲ್ಲ ಅಂದರು.

ಇಲ್ಲಮ್ಮ ಬೇಕರಿಯವರಿಗೆ ಕೈಮುಗಿದರು. ‘ನಿಮ್ಮ ತಕರಾರಿಲ್ಲ, ಸರಿ. ನಾಳೆ ನೀವು ಮನೆ ಬಿಟ್ಟ ಮೇಲೆ ಯಾರೋ ಬರ್ತಾರೆ. ಆ ಮಂಚದ ಮೇಲೆ ಒಂದು ಕೂಸು ಮಲಗಬಹುದು. ಅದನ್ನ ನಾನು ಈಗ ಕೇಳೋಕಾಗಲ್ವಲ್ಲ.’

ಬೇಕರಿಯವರು ತಲೆಯಾಡಿಸಿ ಇಳಿದುಹೋದರು. ತಾಯಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಮಾತು ಬಿಟ್ಟರು. ಹುಟ್ಟದ ಕೂಸಿನ ಮೇಲಿರೋ ಕರುಣೆ ಹೆತ್ತವಳ ಮೇಲಿಲ್ಲ ಅಂತ ಫೋನಿನಲ್ಲಿ, ಬೇರೆ ಕಡೆ ಇದ್ದ ಮಗನ ಹತ್ತಿರ ಹೇಳುತ್ತಿದ್ದುದು ಮಗಳಿಗೆ ಕೇಳಿಸುತ್ತಿತ್ತು. ಕೇಳಿಸಲಿ ಅಂತಲೇ ಹೇಳುತ್ತಿದ್ದದ್ದು. ಬಡಾವಣೆಯಲ್ಲೂ ಸುದ್ದಿಯಾಯಿತು. ಹೆತ್ತ ತಾಯಿಗೇ ಇಲ್ಲ ಅಂದವಳು ನಮಗೆ ಹೂಂ ಅಂತಾಳಾ ಅಂತ ಕೆಲವರು. ಸದ್ಯ, ಮನೆಗೊಂದು ನ್ಯಾಯ ಊರಿಗೊಂದು ನ್ಯಾಯ ಮಾಡಲಿಲ್ಲ ಅಂತ ಇನ್ನು ಕೆಲವರು.

ಮಾತಿಲ್ಲದ ಮನೆಯಲ್ಲಿ ಬದುಕುವುದು ಸುಲಭವಲ್ಲ. ಇಲ್ಲಮ್ಮ ಸಂಜೆ ಹೊತ್ತು ಟೇಪು ಹಿಡಿದು ಮನೆಯನ್ನು ಅಳೆಯತೊಡಗಿದರು. ಉಗ್ರಾಣ ಬಚ್ಚಲಿನ ಮೇಲೇ ಇದೆ, ನೀರಿನ ಮೇಲೆ ನೀರು, ಅಡ್ಡಿಯಿಲ್ಲ. ಆದರೆ ಅದರೊಳಗೆ ತಾಯಿಯನ್ನು ಕೂರಿಸಿ ತಳ್ಳುವ ಗಾಲಿಕುರ್ಚಿ ತಿರುಗುವುದಿಲ್ಲ. ಉಗ್ರಾಣದ ತೆಳು ಗೋಡೆಯನ್ನು ನಡುಮನೆಯ ಕಡೆಗೆ ಒಂದು ಗೇಣು ದೂಡಿದರೆ ಆಗುತ್ತದೆ. ಆ ಗೇಣು ಎಲ್ಲಿ ಬರುತ್ತದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ನಕ್ಷೆ ಬರೆದರು. ಗೆರೆ ಎಳೆಯುವಾಗ ಒಂದು ಗೇಣಿಗೆ ಆಕಾಶ ಕಳಚಿ ಬೀಳುತ್ತಾ ಅಂತ ತಮ್ಮ ಮನಸ್ಸೇ ಹೇಳಿತಂತೆ. ಅದೇ ಮಾತನ್ನು ಅದೆಷ್ಟು ಜನ ತಮ್ಮ ಮೇಜಿನ ಮುಂದೆ ಕೂತು ಹೇಳಿದ್ದರು.

ತಮ್ಮ ಮನೆಯ ಅರ್ಜಿಗೆ ತಾವೇ ಸಹಿ ಹಾಕುವಂತಿಲ್ಲ. ಅದು ಹೋದದ್ದು ಹೊಸದಾಗಿ ಸೇರಿದ ಎಂಜಿನಿಯರ್ ಹುಡುಗಿಯ ಕೈಗೆ. ಅವಳಿಗೆ ಕೆಲಸ ಕಲಿಸಿದವರೇ ಇಲ್ಲಮ್ಮ. ಮೇಜಿನ ಈ ಕಡೆ ಬೆಂಚಿನ ಮೇಲೆ ಕೂತು ಕಾಯುವುದು ಅವರಿಗೆ ಅದೇ ಮೊದಲು. ಆ ಬೆಂಚು ಎಷ್ಟು ಗಿಡ್ಡ ಅಂದರೆ ಕೂತವರಿಗೆ ಮೇಜಿನ ಮೇಲಿನ ನಕ್ಷೆ ಕಾಣುವುದೇ ಇಲ್ಲ ಅನ್ನುವುದು ಅಷ್ಟು ವರ್ಷಕ್ಕೆ ಅವತ್ತು ಗೊತ್ತಾಯಿತು.

ಹುಡುಗಿ ನಕ್ಷೆಯನ್ನು ಎರಡು ಸಲ ನೋಡಿದಳು. ಮುಖ ಕೆಂಪಾಯಿತು. ತಲೆ ಎತ್ತದೆಯೇ ಅಂದಳು, ‘ಮೇಡಂ, ಈ ಒಂದು ಗೇಣು ಬೇಕರಿಯವರ ಮಂಚದ ಮೇಲೆ ಬರುತ್ತೆ. ನನ್ನ ಕೈಲಾಗಲ್ಲ.’

ಅಮ್ಮನಿಗೆ ಎಂಬತ್ತು ದಾಟಿದೆ ಅಂದರು ಇಲ್ಲಮ್ಮ. ಗೊತ್ತು ಮೇಡಂ ಅಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು. ಇವರಿಗೆ ಮೈಯೆಲ್ಲ ಉರಿದು ಹೋಯಿತು. ಹುಡುಗಿ ಹೇಳಿದ್ದು ಸರಿ ಅಂತ ಗೊತ್ತಿದ್ದದ್ದರಿಂದ ಆ ಉರಿ ಇನ್ನೂ ಹೆಚ್ಚಾಯಿತು. ಎದ್ದು ಬಂದರು. ದಾರಿಯುದ್ದಕ್ಕೂ ಅವಳನ್ನು ಬೈದುಕೊಂಡರು, ಮನೆ ಹತ್ತಿರವಾದಂತೆ ತಮ್ಮನ್ನೇ.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, ಯಾರಿಗೆ ಹೇಳಿದರೋ ಏನೋ, ಅರ್ಜಿ ತಿರುಗಿ ಬಂತು ಅಂದರು. ಮಂಚದ ಮೇಲೆ ಅಲುಗಾಟ ಕೇಳಿತು.

‘ನಿನಗೂ ಇಲ್ಲ ಅಂದ್ಬಿಟ್ರಾ?’

ವಾರಗಳ ನಂತರ ಬಂದ ಮೊದಲ ಮಾತು. ಹೂಂ ಅಂದರು ಮಗಳು. ತಾಯಿ ಎದ್ದು ಕೂತು ನಗಲು ಶುರು ಮಾಡಿದರು. ಸೆರಗಲ್ಲಿ ಬಾಯಿ ಮುಚ್ಚಿಕೊಂಡು, ಸೊಂಟ ಹಿಡಿದುಕೊಂಡು, ಅಯ್ಯೋ ನೋವು ಅನ್ನುತ್ತಾ ನಕ್ಕರು. ಮಗಳಿಗೆ ಮೊದಲು ಅಳು ಬಂತು, ಆಮೇಲೆ ನಗು. ನಗು ಇಳಿದ ಮೇಲೆ ಮಗಳು ನೆಲದ ಮೇಲೇ ಕೂತು ನಕ್ಷೆ ಬಿಡಿಸಿ ತೋರಿಸಿದರು. ಯಾವ ಗೆರೆಯ ಕೆಳಗೆ ಯಾರಿದ್ದಾರೆ, ಎಲ್ಲಿ ನೀರು ಹರಿಯುತ್ತದೆ, ಎಲ್ಲಿ ಹರಿಯಬಾರದು. ಅಷ್ಟು ವರ್ಷದಲ್ಲಿ ತಾಯಿಗೆ ತಮ್ಮ ಕೆಲಸ ಏನು ಅಂತ ವಿವರಿಸಿದ್ದು ಅದೇ ಮೊದಲ ಸಲ.

ತಾಯಿ ಕನ್ನಡಕ ತರಿಸಿಕೊಂಡು ನೋಡಿದರು. ಗೋಡೆ ನಡುಮನೆ ಕಡೆ ಬರೋದು ಬೇಡ ಅಂದ್ರೆ ಅಡುಗೆಮನೆ ಕಡೆ ಹೋಗಲಿ ಅಂತ ಬೆರಳಿಟ್ಟರು. ಅದು ಮಗಳಿಗೂ ಹೊಳೆದಿತ್ತು. ಆದರೆ ಆ ಕಡೆ ಒಂದು ಗೇಣು ಸಾಲದು, ಕುರ್ಚಿ ಬರುವ ದಾರಿಯನ್ನೂ ಬಿಡಬೇಕು, ಅಡುಗೆಮನೆ ಅರ್ಧವಾಗುತ್ತದೆ. ಕಟ್ಟೆ ಹೋಗುತ್ತದೆ, ಪಾತ್ರೆಯ ಗೂಡು ಹೋಗುತ್ತದೆ, ಕಿಟಕಿಯ ಮುಂದೆ ತಾಯಿ ನಲವತ್ತು ವರ್ಷ ನಿಂತ ಜಾಗ ಹೋಗುತ್ತದೆ. ಅದನ್ನು ಕೇಳುವ ಬಾಯಿ ಮಗಳಿಗಿರಲಿಲ್ಲ.

‘ಅದನ್ನ ನೀನು ಕೇಳೋದು ಬೇಡ,’ ಅಂದರು ತಾಯಿ. ‘ಅಡುಗೆಮನೆ ನನ್ನದು. ನಾನೇ ಕೊಡ್ತಿದ್ದೀನಿ.’

ಹೊಸ ನಕ್ಷೆಗೆ ಹುಡುಗಿ ಒಂದೇ ನೋಟಕ್ಕೆ ಸಹಿ ಹಾಕಿದಳು. ಕಟ್ಟೆ ಒಡೆಯುವ ದಿನ ತಾಯಿ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು. ಗಾರೆಯವನು ಮೊದಲ ಏಟು ಹಾಕಿದಾಗ ಕಣ್ಣು ಮುಚ್ಚಿದರು, ಆಮೇಲೆ ಮುಚ್ಚಲಿಲ್ಲ. ಸುತ್ತಿಗೆ ಸದ್ದಿಗೆ ನಿದ್ದೆ ಕೆಟ್ಟ ಬೇಕರಿಯವರು ಮೇಲೆ ಬಂದು, ಬಂದದ್ದಕ್ಕೆ ಸಾಮಾನು ಎತ್ತಿಡಲು ಕೈಜೋಡಿಸಿದರು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದೋರಿಗೆ ಮನೆ ಒಡೆಯೋದು ಗೊತ್ತಿರಲಿಲ್ಲ ಅಂತ ತಾಯಿ ಅವರಿಗೆ ಹೇಳುತ್ತಿದ್ದರು. ಬಚ್ಚಲು ಮುಗಿದ ದಿನ ತಾಯಿ ಮಾಡಿದ ಮೊದಲ ಕೆಲಸ ಎರಡು ಲೋಟ ನೀರು ತರಿಸಿಕೊಂಡು ಒಂದಾದ ಮೇಲೊಂದು ಕುಡಿದದ್ದು.

ಅವತ್ತೇ ಇಲ್ಲಮ್ಮನಿಗೆ ಟ್ಯಾಕ್ಸಿಯವರ ನೆನಪಾಯಿತು. ಅವರ ಮನೆಯ ಅಡುಗೆಮನೆಯೂ ಇದೇ ಅಳತೆಯದು. ಇಲ್ಲ ಅಂದದ್ದು ಸರಿಯೇ, ಆದರೆ ಇಲ್ಲ ಅಂದ ಮೇಲೆ ಇನ್ನೊಂದು ಮಾತಿಗೆ ಜಾಗವಿತ್ತು. ಭಾನುವಾರ ಟೇಪು, ಪೆನ್ಸಿಲು ಹಿಡಿದು ಅವರ ಮನೆಯ ಬಾಗಿಲು ತಟ್ಟಿದರು. ಟ್ಯಾಕ್ಸಿಯವರ ಹೆಂಡತಿ ಗುರುತು ಹಿಡಿದು, ಮಾವ ಮೇಲಿದ್ದಾರೆ, ಇಳಿದು ಎರಡು ವರ್ಷದ ಮೇಲಾಯಿತು, ಊಟ ತಿಂಡಿ ಎಲ್ಲ ಮೇಲಕ್ಕೇ ಹೋಗುತ್ತದೆ ಅಂದಳು. ಅವಳ ದನಿಯಲ್ಲಿ ಬಿಸಿ ಇರಲಿಲ್ಲ, ತಣ್ಣಗಿತ್ತು. ಅದೇ ಹೆಚ್ಚು ಚುಚ್ಚಿತು.

ಮುದುಕರು ಕಿಟಕಿಯ ಪಕ್ಕ ಕೂತಿದ್ದರು. ಇಲ್ಲಮ್ಮ ನಕ್ಷೆ ಬರೆದು ತೋರಿಸಿ, ಹೀಗೆ ಮಾಡಿದರೆ ನೀವು ಕೆಳಗಿರಬಹುದು, ಲಿಫ್ಟಿನಲ್ಲಿ ರಸ್ತೆಗೂ ಇಳಿಯಬಹುದು ಅಂದರು. ಅವರು ಬಹಳ ಹೊತ್ತು ಕಾಗದ ನೋಡಿ, ‘ಈಗ ಕೆಳಗೆ ಯಾರಿದ್ದಾರಮ್ಮ?’ ಅಂದರು. ಅಂಗಳದ ಕಲ್ಲುಬೆಂಚಿನ ಮೇಲೆ ಅವರ ಜೊತೆ ಕೂರುತ್ತಿದ್ದ ಮೂವರಲ್ಲಿ ಇಬ್ಬರು ತೀರಿಕೊಂಡಿದ್ದರು, ಒಬ್ಬರು ಮಗಳ ಮನೆಗೆ ಹೋಗಿದ್ದರು. ಇಲ್ಲಮ್ಮ ತಪ್ಪಾಯಿತು ಅಂತ ಹೇಳಲು ಬಾಯಿ ತೆರೆದರು. ಮುದುಕರು ಕೈ ಅಡ್ಡ ಹಿಡಿದರು. ‘ಇರಲಿ, ಮಗನಿಗೆ ಹೇಳಿಕೊಡಿ. ಅವನಿಗೂ ಮಂಡಿ ಇದೆಯಲ್ಲ. ಇವತ್ತಲ್ಲ ನಾಳೆ ನೋಯುತ್ತೆ.’

ಟ್ಯಾಕ್ಸಿಯವರು ಆ ಬಚ್ಚಲನ್ನು ಕಟ್ಟಿಸಿದರು. ಮುದುಕರು ಅದನ್ನು ಬಳಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಸಂಜೆ ಮಗನ ತೋಳು ಹಿಡಿದು ಅಂಗಳದಲ್ಲಿ ನಿಂತಿದ್ದನ್ನು ಮಾತ್ರ ನಾವೆಲ್ಲ ನೋಡಿದೆವು.

ಇಲ್ಲಮ್ಮ ನಿವೃತ್ತರಾಗುವವರೆಗೂ ನಿಯಮ ಒಂದು ಕೂದಲೆಳೆಯಷ್ಟೂ ಸಡಿಲಿಸಲಿಲ್ಲ. ಆದರೆ ಗಿಡ್ಡ ಬೆಂಚು ತೆಗೆಸಿ ಕುರ್ಚಿ ಹಾಕಿಸಿದರು. ಆಗಲ್ಲ ಅಂದ ಮೇಲೆ ಪೆನ್ಸಿಲು ತೆಗೆದು, ಬೇರೆ ಹೇಗಾದೀತು ನೋಡೋಣ, ಮನೆಯಲ್ಲಿ ಯಾರ್‍ಯಾರಿದ್ದೀರಿ ಹೇಳಿ ಅನ್ನುತ್ತಿದ್ದರು. ಅರ್ಧ ಜನಕ್ಕೆ ಬೇರೆ ದಾರಿಯೇ ಇರುತ್ತಿರಲಿಲ್ಲ. ಅವರೂ ಕೂತು ಮಾತಾಡಿ ಹೋಗುತ್ತಿದ್ದರು.

ತಾಯಿ ಇನ್ನೂ ನಾಲ್ಕು ವರ್ಷ ಬದುಕಿದರು. ಉಳಿದ ಅರ್ಧ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಮಗಳಿಗೆ ಅಡುಗೆ ಕಲಿಸಿದರು. ಇಬ್ಬರು ನಿಲ್ಲುವಷ್ಟು ಜಾಗವಿರಲಿಲ್ಲ, ಹಾಗಾಗಿ ಒಬ್ಬರು ಹೇಳುವುದು, ಒಬ್ಬರು ಮಾಡುವುದು. ಮಗಳ ಕೈರುಚಿ ಕೊನೆಯವರೆಗೂ ತಾಯಿಗೆ ಹಿಡಿಸಲಿಲ್ಲವಂತೆ. ಆದರೂ ತಟ್ಟೆಯಲ್ಲಿ ಏನನ್ನೂ ಬಿಡುತ್ತಿರಲಿಲ್ಲವಂತೆ.