ಸರ್ವರ್ ಸ್ವಚ್ಛ ಮಾಡಿದ ಭಾನುವಾರ

ಕಡೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಇನ್ವರ್ಟರ್ ಪಕ್ಕದ ಸ್ಟೂಲಿನ ಮೇಲೆ ಒಂದು ಹಳೆಯ ಕಂಪ್ಯೂಟರ್ ಇದೆ. ಅದಕ್ಕೆ ಪರದೆಯಿಲ್ಲ, ಕೀಬೋರ್ಡಿಲ್ಲ. ಹಗಲೂ ರಾತ್ರಿ ಸಣ್ಣಗೆ ಗುಂಯ್‌ಗುಡುತ್ತಾ ಓಡುತ್ತಿರುತ್ತದೆ. ಮನೆಯವರೆಲ್ಲರ ಫೋಟೋಗಳು ಅದರಲ್ಲಿವೆ. ನಮ್ಮ ಯಜಮಾನರು ಫೋನಿನಿಂದ ಪ್ರಿಂಟ್ ಕೊಟ್ಟರೆ ಅದರ ಮೂಲಕವೇ ಪ್ರಿಂಟರಿಗೆ ಹೋಗುತ್ತದೆ. ಇದನ್ನೇ ನಾನು ಸರ್ವರ್ ಅನ್ನುವುದು. ಯಜಮಾನರು ಮಾತ್ರ ಇವತ್ತಿಗೂ ‘ನಿನ್ ಡಬ್ಬ’ ಅಂತಾರೆ.

ಆ ಡಬ್ಬಕ್ಕೆ ಇನ್ನೊಂದು ಕೆಲಸವೂ ಇತ್ತು. ಅದು ತರೀಕೆರೆಯ ಒಬ್ಬ ಮೇಷ್ಟ್ರಿಗಾಗಿ.

ಆರು ವರ್ಷದ ಹಿಂದೆ ಕಡೂರಿನಲ್ಲಿ ಹೈಸ್ಕೂಲ್ ಮೇಷ್ಟ್ರುಗಳಿಗೆ ಮೂರು ದಿನದ ಕಂಪ್ಯೂಟರ್ ತರಬೇತಿ ನಡೆಯಿತು. ಹೇಳಿಕೊಡುವವಳು ನಾನು. ಕೊನೆಯ ಸಾಲಿನಲ್ಲಿ ಒಬ್ಬರು ಎರಡು ದಿನ ಮಾತಾಡದೆ ಕೂತಿದ್ದರು. ಮೂರನೆಯ ದಿನ ಎಲ್ಲರೂ ಊಟಕ್ಕೆ ಎದ್ದ ಮೇಲೆ ನನ್ನ ದನಿ ಬಂದ ಕಡೆಗೆ ಮುಖ ತಿರುಗಿಸಿ ಕೇಳಿದರು.

“ನಂಗೆ ಕಣ್ಣು ಕಾಣ್ಸಲ್ಲ ಕಣಮ್ಮ. ಇಲ್ಲಿ ಒತ್ತಿ, ಅಲ್ಲಿ ನೋಡಿ ಅಂತೀರಲ್ಲ, ಅದೊಂದೂ ನಂಗೆ ಗೊತ್ತಾಗಲ್ಲ. ಈ ಮಿಷನ್ನು ಮಾತಾಡುತ್ತಾ, ಅದನ್ನ ಹೇಳಿ.”

ನಲವತ್ತರ ಆಸುಪಾಸಿನಲ್ಲಿ ಅವರ ದೃಷ್ಟಿ ಮಸುಕಾಗುತ್ತಾ ಬಂದು ಪೂರ್ತಿ ಹೋಗಿತ್ತು. ಪಾಠ ಬಿಟ್ಟಿರಲಿಲ್ಲ. ಮನೆ ತರೀಕೆರೆಯಲ್ಲಿ, ಕೆಲಸ ಅಜ್ಜಂಪುರದ ಶಾಲೆಯಲ್ಲಿ, ದಿನಾ ಬಸ್ಸು. ಚರಿತ್ರೆಯ ಪುಸ್ತಕವೆಲ್ಲ ತಲೆಯಲ್ಲಿತ್ತು, ಪಾಠಕ್ಕೆ ತೊಂದರೆಯಿರಲಿಲ್ಲ. ಮಕ್ಕಳು ಬರೆದದ್ದನ್ನು ಓದುವುದಕ್ಕೆ ಮಾತ್ರ ಹೆಂಡತಿಯೇ ಬೇಕಾಗಿತ್ತು.

ಮಿಷನ್ನು ಮಾತಾಡುತ್ತದೆ ಅಂತ ತೋರಿಸಲು ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶವನ್ನು, ಆಗಿನ್ನೂ ಪರದೆಯಿದ್ದ ನಮ್ಮ ಸರ್ವರಿಗೆ ಹಾಕಿದೆ. ಅದರ ಜೊತೆಗೇ ಕನ್ನಡ ದನಿಯ ಒಂದು ಪ್ಯಾಕೇಜೂ, ಅಂದರೆ ತಂತ್ರಾಂಶದ ಕಟ್ಟೂ, ತಾನಾಗಿ ಬಂದು ಸೇರಿಕೊಂಡಿತು. ಆಮೇಲೆ ನಾನೇ ಒಂದು ಸಣ್ಣ ಪ್ರೋಗ್ರಾಮ್ ಬರೆದೆ. ಮಕ್ಕಳು ಶಾಲೆಯ ಲ್ಯಾಬಿನಲ್ಲಿ ಟೈಪ್ ಮಾಡಿ ಕಳಿಸಿದ ಪ್ರಬಂಧಗಳನ್ನು ಅದು ಬೆಳಗಿನ ಜಾವ ಎತ್ತಿಕೊಂಡು, ಆ ದನಿಯಲ್ಲಿ ಓದಿಸಿ, ಆಡಿಯೋ ಮಾಡಿ ಮೇಷ್ಟ್ರ ಫೋನಿಗೆ ಕಳಿಸುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಕೇಳಿಕೊಂಡು ಹೋಗಿ, ಯಾರು ಏನು ತಪ್ಪು ಬರೆದಿದ್ದಾರೆ ಅಂತ ತರಗತಿಯಲ್ಲಿ ಹೆಸರು ಹಿಡಿದು ಹೇಳುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆಯಿತು. ನಡೆಯುತ್ತಿದೆ ಅನ್ನುವುದೇ ನನಗೆ ಮರೆತಂತಾಗಿತ್ತು.

ಹೋದ ವರ್ಷ ಒಂದು ಭಾನುವಾರ ಬೆಳಿಗ್ಗೆ ಸರ್ವರ್ ಅಪ್‌ಡೇಟ್ ಮಾಡಲು ಕೂತರೆ ಜಾಗವಿಲ್ಲ ಅಂದಿತು. ಒಳಗೆ ನೋಡಿದೆ. ಇಡೀ ವ್ಯವಸ್ಥೆಯ ತಿರುಳಾದ ಕರ್ನಲ್, ಅದರ ಹಳೆಯ ಆವೃತ್ತಿಗಳೇ ಹನ್ನೊಂದು ಇದ್ದವು. ಪ್ರತಿ ಸಲ ಹೊಸದು ಬಂದಾಗಲೂ ಹಿಂದಿನದು ಹಾಗೇ ಉಳಿದಿತ್ತು. ಯಾವತ್ತೋ ಪರೀಕ್ಷೆಗೆ ಹಾಕಿ ಮರೆತ ಡೇಟಾಬೇಸು, ಪ್ರೋಗ್ರಾಮ್ ಹೋದರೂ ಹೋಗದ ಸೆಟ್ಟಿಂಗ್ ಫೈಲುಗಳು, ಬೇರೆ ಪ್ರೋಗ್ರಾಮುಗಳಿಗೆ ನೆರವಾಗಲು ಬಂದು ಈಗ ಯಾರಿಗೂ ಬೇಡವಾದ ಲೈಬ್ರರಿಗಳು. ಒಂದೊಂದಾಗಿ ಕಿತ್ತೆ. ಪರದೆಯೇ ಇಲ್ಲದ ಮೇಲೆ ಪರದೆ ಓದುವ ತಂತ್ರಾಂಶ ಯಾಕೆ ಅಂತ ಅದನ್ನೂ ಕಿತ್ತೆ. ಆಗ ಸರ್ವರ್ ತಾನೇ ಒಂದು ಉದ್ದನೆಯ ಪಟ್ಟಿ ಕೊಟ್ಟಿತು: ಇವೆಲ್ಲ ಬೇರೆಯವುಗಳ ಜೊತೆ ಬಂದವು, ಈಗ ಯಾರಿಗೂ ಬೇಡ, ತೆಗೆಯಲೇ? ಪಟ್ಟಿಯನ್ನು ಓದದೆ ಹೂಂ ಎಂದೆ. ಸೆಟ್ಟಿಂಗ್‌ಗಳ ಸಮೇತ ಎಲ್ಲ ಹೋಯಿತು. ಅರ್ಧ ಡಿಸ್ಕ್ ಖಾಲಿಯಾದದ್ದು ಕಂಡು ಖುಷಿಯಾಗಿ, ಎದ್ದು ಅವರೆಕಾಳು ಸುಲಿಯಲು ಹೋದೆ.

ಒಂಬತ್ತು ದಿನ ಕಳೆದ ಮೇಲೆ ಸಂಬಂಧಿಕರ ಮನೆಗೆಂದು ತರೀಕೆರೆಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ಮೇಷ್ಟ್ರು ಕಂಡರು. ಕಲ್ಲು ಬೆಂಚಿನ ಮೇಲೆ ಅವರೂ ಅವರ ಹೆಂಡತಿಯೂ ಕೂತಿದ್ದರು. ಆಕೆ ಹಾಳೆಗಳ ಒಂದು ಕಟ್ಟು ಹಿಡಿದು, ಬಸ್ಸುಗಳ ಸದ್ದಿನ ನಡುವೆ ಅವರ ಕಿವಿಯ ಹತ್ತಿರ ಬಾಗಿ ಓದುತ್ತಿದ್ದರು. ಓದಿ ಓದಿ ಆಕೆಯ ದನಿ ಒಡೆದಿತ್ತು.

“ಏನಕ್ಕಾ, ನೀವ್ಯಾಕೆ ಓದ್ತಾ ಇದೀರ? ಆಡಿಯೋ ಬರ್ತಿಲ್ವಾ?” ಅಂದೆ.

ಆಕೆ ಗಂಡನ ಮುಖ ನೋಡಿದರು. ಮೇಷ್ಟ್ರು ನನ್ನ ದನಿ ಗುರುತು ಹಿಡಿದು ಮೆಲ್ಲಗೆ ನಕ್ಕರು. “ಒಂದ್ ವಾರದ ಮೇಲಾಯ್ತು, ನಿಂತು.”

“ಒಂದ್ ಫೋನ್ ಮಾಡ್ಬಾರ್ದಾ ಮೇಷ್ಟ್ರೇ?”

“ಮಾಡೋಣ ಅಂದ್ಕೊಂಡೆ. ಐದು ವರ್ಷ ನಡೆಸ್ಕೊಟ್ರಿ. ನಿಮಗೂ ಸಾಕಾಗಿರುತ್ತೆ, ಬಾಯ್ಬಿಟ್ಟು ಹೇಳಕ್ಕೆ ಸಂಕೋಚ ಪಟ್ಕೊಂಡು ಸುಮ್ಮನೆ ನಿಲ್ಸಿರ್ತೀರಿ ಅಂತ ಅನ್ನಿಸ್ತು. ಅಂಥದ್ರಲ್ಲಿ ಫೋನ್ ಮಾಡಿ ಯಾಕೆ ಮುಜುಗರ ಮಾಡ್ಲಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಏನಾಗಿದೆ ಅಂತ ನಿಂತಲ್ಲೇ ಹೊಳೆದುಹೋಯಿತು. ಕನ್ನಡ ದನಿಯ ಆ ಪ್ಯಾಕೇಜನ್ನು ಬಳಸುತ್ತಿದ್ದದ್ದು ನಾನು ಕೈಯಾರೆ ಬರೆದ ಪ್ರೋಗ್ರಾಮ್. ಅದು ಪ್ಯಾಕೇಜುಗಳ ಲೆಕ್ಕದಲ್ಲೇ ಇಲ್ಲ. ಹಾಗಾಗಿ ಸರ್ವರಿನ ಪಾಲಿಗೆ ದನಿ ಯಾರಿಗೂ ಬೇಡದ ವಸ್ತುವಾಯಿತು. ಕೆಲಸ ಕೆಟ್ಟರೆ ನನಗೆ ತಿಳಿಸು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲನ್ನೂ ನಾನು ಬರೆದಿರಲಿಲ್ಲ.

“ನಾನು ನಿಲ್ಸಿಲ್ಲ ಮೇಷ್ಟ್ರೇ. ಕ್ಲೀನ್ ಮಾಡಕ್ಕೆ ಹೋಗಿ, ನೋಡ್ದೆ ತೆಗೆದ್ಬಿಟ್ಟೆ. ನನ್ನದೇ ತಪ್ಪು.”

“ಹಂಗಾ,” ಅಂದರು. ಹೆಂಡತಿಯ ಕಡೆ ತಿರುಗಿ, “ನೋಡಿದ್ಯೇನೇ, ನಾನ್ ಸುಮ್ನೆ ಏನೇನೋ ಅಂದ್ಕೊಂಡಿದ್ದೆ,” ಅಂದರು. ಆಕೆ ಹಾಳೆಗಳನ್ನು ಚೀಲಕ್ಕೆ ತುರುಕುತ್ತಾ, “ಫೋನ್ ಮಾಡ್ರೀ ಅಂತ ನಾನ್ ಬಡ್ಕೊಂಡೆ ಕಣಮ್ಮ, ಕೇಳ್ಬೇಕಲ್ಲ,” ಅಂದರು.

ಅವತ್ತು ಸಂಜೆಯೇ ಮನೆಗೆ ಬಂದು ದನಿಯ ಪ್ಯಾಕೇಜನ್ನು ಮತ್ತೆ ಹಾಕಿದೆ. ಮರುದಿನ ಆಡಿಯೋ ಹೋಯಿತು. ಮೇಷ್ಟ್ರು ಬಸ್ಸಿನಿಂದಲೇ ಫೋನ್ ಮಾಡಿದರು. “ಬಂತು ಕಣಮ್ಮ. ಆದ್ರೆ ಇದು ನಮ್ ಹಳೇ ಮನುಷ್ಯ ಅಲ್ಲ. ಕ್ರಿಸ್ತಶಕ ಅನ್ನೋದಿಲ್ಲ, ಕ್ರಿ ಶ ಕ್ರಿ ಶ ಅಂತ ತೊದಲ್ತಾನೆ.”

ಆ ದನಿಗೆ ಸರಿಯಾದ ಉಚ್ಚಾರಣೆ ಕಲಿಸಲು ಹಿಂದೆ ನಾನೂ ಮೇಷ್ಟ್ರೂ ಕೂತು ಸೇರಿಸಿದ್ದ ತಿದ್ದುಪಡಿಗಳೂ ಅದರ ಜೊತೆಗೇ ಅಳಿಸಿಹೋಗಿದ್ದವು. ಪ್ರತಿಯಿಟ್ಟುಕೊಂಡಿರಲಿಲ್ಲ.

ಮುಂದಿನ ಭಾನುವಾರ ಗಂಡ ಹೆಂಡತಿ ಇಬ್ಬರೂ ಕಡೂರಿಗೆ ಬಂದರು. ನಾನು ಟೈಪ್ ಮಾಡುವುದು, ಸ್ಪೀಕರಿನಲ್ಲಿ ದನಿ ಓದುವುದು, ಮೇಷ್ಟ್ರು ಕಣ್ಣು ಮುಚ್ಚಿ ತಲೆ ಆಡಿಸುವುದು. ಅಜ್ಜಂಪುರದ ಒತ್ತಕ್ಷರ, ಅಂತರಘಟ್ಟೆಯ ಮಹಾಪ್ರಾಣ, ಕ್ರಿಸ್ತಪೂರ್ವ, ಇಸವಿಗಳು. ಲಕ್ಕವಳ್ಳಿ ಅನ್ನುವ ಊರ ಹೆಸರಿಗೆ ಬಂದಾಗ ದನಿ ಎಡವಿತು, ನಾವಿಬ್ಬರು ಹೆಂಗಸರೂ ನಕ್ಕೆವು. ಊಟದ ಹೊತ್ತಿಗೆ ಹೆಚ್ಚುಕಡಿಮೆ ಸರಿಹೋಯಿತು.

ಊಟವಾದ ಮೇಲೆ ಮೇಷ್ಟ್ರೇ ಕೇಳಿದರು. “ತೆಗೆದಿದ್ದೆಲ್ಲ ಎಲ್ಲಾದ್ರೂ ಬರ್ದಿರುತ್ತಾ?”

“ಲಾಗ್ ಇರುತ್ತೆ.”

“ಓದಿ ಮತ್ತೆ. ನಂದೊಬ್ಬಂದೇ ಹೋಗಿದೆ ಅಂತ ಏನ್ ಗ್ಯಾರಂಟಿ?”

ಓದಿದೆ. ಪ್ರತಿ ಹೆಸರಿಗೂ ನಿಲ್ಲಿಸಿ, “ಇದು ಏನ್ ಮಾಡುತ್ತೆ? ಯಾರಿಗೆ?” ಅಂತ ಕೇಳುತ್ತಿದ್ದರು. ನಾನು ಕಣ್ಣಿನಲ್ಲಿ ಹಾರಿಸಿಕೊಂಡು ಹೋಗಿದ್ದ ಸಾಲುಗಳನ್ನು ಅವರು ಒಂದೂ ಬಿಡದೆ ಕೇಳಿಸಿಕೊಂಡರು. ಅರ್ಧ ದಾರಿಯಲ್ಲಿ ಪ್ರಿಂಟರಿನ ಪ್ಯಾಕೇಜೊಂದು ಸಿಕ್ಕಿತು. ಒಳಗಿನಿಂದ ಯಜಮಾನರು, “ಅದಕ್ಕೇ ಎರಡು ವಾರದಿಂದ ಪ್ರಿಂಟ್ ಬರ್ತಿಲ್ಲ. ನಾನು ಇಂಕ್ ತಂದು ಹಾಕಿದ್ದಾಯ್ತು,” ಅಂದರು.

ಅವತ್ತೇ ಸರ್ವರಿನಲ್ಲಿ ಒಂದು ಫೈಲ್ ಶುರು ಮಾಡಿದೆ. ಯಾವ ಪ್ಯಾಕೇಜು ಯಾರಿಗಾಗಿ ಅಂತ ಕನ್ನಡದಲ್ಲೇ ಒಂದೊಂದು ಸಾಲು. ಉಳಿಸಬೇಕಾದವನ್ನೆಲ್ಲ ‘ಇದು ನಾನೇ ಹಾಕಿದ್ದು’ ಅಂತ ಸರ್ವರಿಗೂ ಗುರುತು ಮಾಡಿಕೊಟ್ಟೆ. ಮೇಷ್ಟ್ರಿಗೆ ಸರ್ವರಿನ ಪಾಸ್‌ವರ್ಡ್ ಕೊಟ್ಟೆ. ಫೋನಿನಲ್ಲೇ ಒಳಗೆ ಹೋಗಿ, ಸಾಲು ಸಾಲಾಗಿ ಓದಿಸಿಕೊಂಡು ಕಮ್ಯಾಂಡ್ ಕೊಡುವುದನ್ನು ಎರಡು ತಿಂಗಳಲ್ಲಿ ಕಲಿತರು. ಈಗ ಸ್ವಚ್ಛ ಮಾಡುವ ಕೆಲಸ ಅವರದೇ.

ಮೊನ್ನೆ ಶಾಲೆಯ ಬಿಡುವಿನಲ್ಲಿ ಫೋನ್ ಬಂತು.

“ಇಲ್ಲೊಂದು ಚೆಸ್ ಆಡೋ ಪ್ಯಾಕೇಜಿದೆ. ಫೈಲಿನಲ್ಲಿ ಯಾರ ಹೆಸರೂ ಇಲ್ಲ. ತೆಗೀಲಾ?”

“ಬೇಡ ಮೇಷ್ಟ್ರೇ, ಅದು ನಂದು.”

“ಆಡ್ತೀರಾ?”

“ಆಡ್ತೀನಿ. ಸೋಲ್ತೀನಿ.”

“ಹಂಗಿದ್ರೆ ಹೆಸರು ಬರ್ಕೊಳ್ತೀನಿ,” ಅಂದರು. ಹಿಂದಿನಿಂದ ಗಂಟೆ ಹೊಡೆದದ್ದು ಕೇಳಿಸಿತು. ತರಗತಿಗೆ ಹೊತ್ತಾಯ್ತು ಅಂತ ಫೋನ್ ಇಟ್ಟರು.