ಪಟ್ಟಿಯ ಮೇಲೆ ಕೊಟ್ಟ ಶಾಖ

ಗೊರಕೆ ಕೇಳಿ ನನಗೆ ಸಂತೋಷವಾಯಿತು.

ನನ್ನ ಹೆಂಡತಿ ಗಿರಿಜಾ ಹಾಗೆ ಮೈಮರೆತು ಮಲಗಿದ್ದನ್ನು ಕಂಡು ಬಹಳ ದಿನವಾಗಿತ್ತು. ಎದೆಯಲ್ಲಿ ಶುರುವಾದ ಕ್ಯಾನ್ಸರ್ ಬೆನ್ನಿನ ಎಲುಬಿಗೆ ಇಳಿದ ಮೇಲೆ ಅವಳಿಗೆ ಮಗ್ಗುಲು ಬದಲಿಸುವುದೂ ಒಂದು ದೊಡ್ಡ ಕೆಲಸ. ಅವತ್ತು ಬಿಸಿಲು ಏರಿದರೂ ಎದ್ದಿರಲಿಲ್ಲ. ಗಂಟಲಿನಿಂದ ಗೊರ ಗೊರ ಸದ್ದು. ನಾನು ಟಿವಿ ಆರಿಸಿದೆ. ಬಾಗಿಲು ಮುಂದೆ ಮಾಡಿದೆ. ಓಣಿಯಲ್ಲಿ ಸೊಪ್ಪು ಕೂಗುತ್ತಿದ್ದವಳನ್ನು ಗದರಿಸಿ ಮುಂದೆ ಕಳಿಸಿದೆ.

ಅದು ನಿದ್ದೆಯಾಗಿರಲಿಲ್ಲ.

ನಾನು ಮಾಡಿದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಹೇಳುತ್ತೇನೆಂದು ಕೂತರೆ ಮತ್ತೆ ಮುಚ್ಚಿಡುವ ಬುದ್ಧಿ ಬರುತ್ತದೆ.

ಮಾತ್ರೆ ನುಂಗಿದರೆ ವಾಂತಿಯಾಗುತ್ತದೆಂದು ದಾವಣಗೆರೆಯ ಡಾಕ್ಟರ್ ಅವಳಿಗೆ ಫೆಂಟನಿಲ್ ಪ್ಯಾಚ್ ಬರೆದಿದ್ದರು. ಎದೆಯ ಮೇಲ್ಭಾಗಕ್ಕೆ ಅಂಟಿಸಿದರೆ ಔಷಧ ಚರ್ಮದಿಂದ ನಿಧಾನಕ್ಕೆ ರಕ್ತಕ್ಕೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ಪಟ್ಟಿ ಎಂದೇ ಹೆಸರಾಯಿತು. ಪಟ್ಟಿ ಎಂದರೆ ನನ್ನ ತಲೆಯಲ್ಲಿ ಇದ್ದದ್ದು ಉಳುಕಿಗೆ ಹಚ್ಚುವ ಪಟ್ಟಿ. ಅದನ್ನು ನೋವಿದ್ದಲ್ಲಿ ಹಚ್ಚಬೇಕು, ಮೇಲೆ ಶಾಖ ಕೊಡಬೇಕು. ಹರಪನಹಳ್ಳಿ ಹತ್ತಿರದ ಅರಸೀಕೆರೆಯ ನಮ್ಮ ಓಣಿಯಲ್ಲಿ ಯಾರ ಕಾಲು ಉಳುಕಿದರೂ, ಯಾರ ಸೊಂಟ ಹಿಡಿದರೂ ನನ್ನ ಹತ್ತಿರವೇ ಬರುತ್ತಿದ್ದರು. ಉಸುಕು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ನಾನು ಶಾಖ ಕೊಟ್ಟರೆ ಎಂಥವರೂ ಎದ್ದು ನಡೆಯುತ್ತಾರೆ ಎಂಬ ಹೆಸರಿತ್ತು. ಆ ಹೆಸರಿನ ಸೊಕ್ಕೂ ಇತ್ತು.

ಪಟ್ಟಿಯ ಉಸ್ತುವಾರಿ ಸೊಸೆ ಶೈಲಾಳದ್ದು. ದಾವಣಗೆರೆಯಲ್ಲಿ ಸಿಸ್ಟರ್ ಅವಳನ್ನು ಕೂಡಿಸಿಕೊಂಡು ಎಲ್ಲ ತಿಳಿಸಿಕೊಟ್ಟಿದ್ದರು. ನನ್ನನ್ನೂ ಕರೆದಿದ್ದರು. ಹೆಂಗಸರ ಮಾತು ಹೆಂಗಸರು ಕೇಳಲಿ ಎಂದು ನಾನು ಹೊರಗೆ ಚಹಾ ಕುಡಿಯುತ್ತಾ ನಿಂತಿದ್ದೆ.

ಹಿಂದಿನ ದಿನ ಸಂಜೆ ಶೈಲಾ ಹಾಲು ಹಾಕಲು ಡೈರಿಗೆ ಹೋಗಿದ್ದಳು. ಗಿರಿಜಾ ನೋವಿಗೆ ದಿಂಬು ಕಚ್ಚಿದ್ದಳು. ನೋವು ಬೆನ್ನಿನಲ್ಲಿ, ಪಟ್ಟಿ ಎದೆಯ ಮೇಲೆ! ಇದೆಂಥ ವೈದ್ಯ ಎನಿಸಿತು. ಕಪಾಟಿನಿಂದ ಇನ್ನೊಂದು ಪಟ್ಟಿ ತೆಗೆದು ಅವಳ ನಡುವಿಗೆ ಹಚ್ಚಿದೆ. ಮರುದಿನ ನಸುಕಿನಲ್ಲಿ ಉಸುಕು ಹುರಿದು ಅದರ ಮೇಲೆ ಶಾಖ ಕೊಟ್ಟೆ. ಅವಳ ಮುಖ ಸಡಿಲವಾಯಿತು. ಕಣ್ಣು ಮುಚ್ಚಿದಳು. ನನ್ನ ಕೈಗುಣ ಎಂದುಕೊಂಡೆ.

ಬಾಗಿಲು ತಳ್ಳಿಕೊಂಡು ಬಂದವಳು ಪಕ್ಕದ ಮನೆಯ ಮಾಬುಬ್ಬಿ. ದಿನಾ ಒಂದು ಸಲ ಗಿರಿಜಾಳನ್ನು ಮಾತಾಡಿಸದೆ ಅವಳಿಗೆ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ.

"ಮೆಲ್ಲಕ ಮಾತಾಡು, ನಿದ್ದಿ ಹತ್ತೈತಿ" ಎಂದೆ.

ಅವಳು ಹಾಸಿಗೆಯ ಹತ್ತಿರ ಬಗ್ಗಿದಳು. "ಇದೇನು ನಿದ್ದಿ ಅಣ್ಣಾ? ಕೊಡ ನೀರಾಗ ಮುಳುಗಿದಂಗ ಸಪ್ಪಳ ಬರಾಕತ್ತೈತಿ. ಉಗುರು ನೋಡು, ನೀಲಿ ಆಗ್ಯಾವು. ಶೈಲಾ! ಏ ಶೈಲಾ! ಓಡಿ ಬಾ!"

ಅವಳ ಕೂಗಿಗೆ ಶೈಲಾಳ ಜೊತೆ ಅರ್ಧ ಓಣಿಯೇ ಬಂತು. ಒಬ್ಬರು ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಒಬ್ಬರು ಅಂಗೈಯಲ್ಲಿ ಬೀಗದ ಕೈ ಇಟ್ಟರು. ಇನ್ನೊಬ್ಬರು ಬಾಯಿಗೆ ನೀರು ಬಿಡಲು ತಂಬಿಗೆ ಎತ್ತಿದರು. ಶೈಲಾ ಆ ತಂಬಿಗೆಯನ್ನು ಕಸಿದು ಆಚೆ ಇಟ್ಟಳು.

"ನೀರು ಬ್ಯಾಡ್ರಿ, ಉಸಿರಿನ ಕೊಳವಿಗೆ ಹೋಗ್ತಾವು. ಅತ್ತೀ! ಅತ್ತೀ, ಕಣ್ಣು ತೆಗೀರಿ!"

ಭುಜ ಹಿಡಿದು ಅಲುಗಾಡಿಸಿದಳು. ಮುಷ್ಟಿಯಿಂದ ಎದೆಯ ನಡುಮೂಳೆಯನ್ನು ಜೋರಾಗಿ ಉಜ್ಜಿದಳು. ನೋವಿಗೆ ಬೈಯಬೇಕಾದ ಗಿರಿಜಾ ಸುಮ್ಮನಿದ್ದಳು. ರೆಪ್ಪೆ ಎತ್ತಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಸಣ್ಣದಾಗಿತ್ತು. ಉಸಿರು ಒಂದು ಬಂದರೆ ಇನ್ನೊಂದಕ್ಕೆ ಕಾಯಬೇಕಿತ್ತು.

"ಔಷಧ ಹೆಚ್ಚಾಗೇತಿ" ಎಂದಳು ಶೈಲಾ. ಎದೆಯ ಮೇಲಿನ ಪಟ್ಟಿ ಕಿತ್ತಳು. ನನ್ನ ಕಡೆ ತಿರುಗಿದಳು. "ಮಾವಾರ, ಬ್ಯಾರೆ ಏನಾರ ಕೊಟ್ಟೀರೇನು?"

ಓಣಿಯ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು.

"ಇಲ್ಲ" ಎಂದೆ.

ಶೈಲಾ 108ಕ್ಕೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು. ಆಂಬುಲೆನ್ಸ್ ಹರಪನಹಳ್ಳಿ ಬಿಟ್ಟಿದೆ ಎಂದಿತು ಆ ಕಡೆಯ ಹೆಣ್ಣು ದನಿ. "ಗಾಬರಿ ಆಗ್ಬೇಡಿ. ತಲೆ ಸ್ವಲ್ಪ ಹಿಂದಕ್ಕೆ ಬಾಗಿಸಿ, ಗದ್ದ ಮೇಲೆತ್ತಿ. ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಊದಿ. ಎದೆ ಏಳ್ತಿದೆಯಾ ನೋಡಿ."

ಮೊದಲ ಸಲ ಗಾಳಿ ಕೆನ್ನೆಯ ಪಕ್ಕದಿಂದ ಸೋರಿತು. ಶೈಲಾ ಬಾಯಿ ಒರೆಸಿಕೊಂಡು, "ಸಿಸ್ಟರ್ ಗೊಂಬಿ ಮ್ಯಾಲ ತೋರಿಸಿದ್ರು, ಅತ್ತಿ ಗೊಂಬಿ ಅಲ್ಲಲ್ಲ" ಎಂದು ಅತ್ತಳು. ಅಳುತ್ತಲೇ ಮತ್ತೆ ಊದಿದಳು. ಎದೆ ಎದ್ದಿತು. ಜಗತ್ತಿನಲ್ಲಿ ಅದಕ್ಕಿಂತ ಚೆಂದದ್ದನ್ನು ನಾನು ನೋಡಿಲ್ಲ.

ಊದಿ ಊದಿ ಅವಳಿಗೆ ತಲೆ ಸುತ್ತಿತು. ಗೋಡೆಗೆ ಒರಗಿ, "ಮಾವಾರ, ಈಗ ನೀವು ಊದ್ರಿ" ಎಂದಳು.

ನಾನು ನಿಂತೇ ಇದ್ದೆ. ನಗಬೇಡಿ. ಇಷ್ಟು ವರ್ಷದ ಸಂಸಾರದಲ್ಲಿ ನಾಲ್ಕು ಜನರ ಮುಂದೆ ನಾನು ಹೆಂಡತಿಯ ಕೈ ಹಿಡಿದವನಲ್ಲ. ಬಸ್ಸಿನಲ್ಲೂ ಬೇರೆ ಬೇರೆ ಸೀಟು. ಅವಳ ಪ್ರಾಣ ಹೋಗುತ್ತಿತ್ತು, ನಾನು ಜನ ನೋಡುತ್ತಾರೆಂದು ಯೋಚಿಸುತ್ತಿದ್ದೆ.

ಮಾಬುಬ್ಬಿ ನನ್ನ ಬೆನ್ನಿಗೆ ಒಂದು ಗುದ್ದಿದಳು. "ಮೂರು ಮಕ್ಕಳು ಆಗುವಾಗ ಎಲ್ಲಿತ್ತೋ ಈ ನಾಚಿಕಿ? ಊದೋ ಮುದುಕಾ! ನೀ ಊದದಿದ್ರ ಸರಿ, ನಾನಾ ಊದ್ತೀನಿ!" ನೆರೆದವರಿಗೂ ಬಿಡಲಿಲ್ಲ. "ನೋಡಾಕ ನಿಂತೀರೇನು? ಹೊರಗ ನಡೀರಿ, ಗಾಳಿ ಆಡ್ಲಿ. ರೋಡಿಗೆ ಹೋಗಿ ಗಾಡಿಗೆ ಕೈ ಮಾಡ್ರಿ!"

ನಾನು ಮೊಣಕಾಲೂರಿದೆ. ಊದಿದೆ. ಅವಳ ತುಟಿ ತಣ್ಣಗಿತ್ತು. ಆಂಬುಲೆನ್ಸ್ ಬರುವವರೆಗೆ ಮೂವರೂ ಸರದಿ ಮೇಲೆ ಊದಿದೆವು. ಬಾಯಿಂದ ಜೊಲ್ಲು ಬಂದಾಗ ಫೋನಿನ ದನಿ ಹೇಳಿದಂತೆ ಪಕ್ಕಕ್ಕೆ ಹೊರಳಿಸಿ ಒರೆಸಿದೆವು. ಹೊರಳಿಸುವಾಗ ಅವಳ ನಡುವಿನ ಸೀರೆಯನ್ನು ನಾನೇ ಗಟ್ಟಿಯಾಗಿ ಹಿಡಿದುಕೊಂಡೆ, ಅದು ಸರಿದು ಪಟ್ಟಿ ಕಾಣಬಾರದೆಂದು.

ಹರಪನಹಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ನಲೋಕ್ಸೋನ್ ಎಂಬ ಇಂಜೆಕ್ಷನ್ ಕೊಟ್ಟರು. ಈ ಔಷಧಗಳ ಅಮಲನ್ನು ಬಿಡಿಸುವ ಮದ್ದಂತೆ. ಸ್ವಲ್ಪ ಹೊತ್ತಿಗೇ ಗಿರಿಜಾ ಎಳೆದು ಉಸಿರು ಬಿಟ್ಟಳು. ಕಣ್ಣು ತೆರೆದಳು. ನೋವಿಗೆ ಚೀರಿದಳು. "ಯಾರಲೇ ನನ್ನ ಎದಿ ಉಜ್ಜಿದವರು?" ಎಂದಳು. ಶೈಲಾ ನಕ್ಕಳು, ಅತ್ತಳು. ಹಡಗಲಿಯ ಮಲ್ಲಿಗೆ ಹೇರಿಕೊಂಡು ಗಾಡಿ ಓಡಿಸುತ್ತಿದ್ದ ನನ್ನ ಮಗನಿಗೆ ಫೋನ್ ಮಾಡಿ, "ಅತ್ತಿ ಉಳಿದ್ರು" ಎಂದಳು. ನಾನು ದೇವರಿಗೆ ಕೈ ಮುಗಿದೆ. ಸುಳ್ಳೂ ದಕ್ಕಿತು, ಹೆಂಡತಿಯೂ ದಕ್ಕಿದಳು ಎಂದು ಒಳಗೆ ನಿರಾಳವಾಯಿತು. ಇದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ.

ಆಮೇಲೆ ಗಿರಿಜಾಳ ಕಣ್ಣು ಮತ್ತೆ ಎಳೆಯತೊಡಗಿತು.

ಉಸಿರು ಮತ್ತೆ ದೂರ ದೂರವಾಯಿತು. ಡಾಕ್ಟರ್ ಮತ್ತೊಂದು ಇಂಜೆಕ್ಷನ್ ಹಾಕಿದರು. "ಇದರ ಪವರ್ ಬೇಗ ಇಳಿಯುತ್ತೆ. ಪ್ಯಾಚ್ ತೆಗೆದ ಮೇಲೂ ಚರ್ಮದಲ್ಲಿ ಔಷಧ ಇರುತ್ತೆ, ಆದ್ರೆ ಇಷ್ಟೊಂದು ಯಾಕೆ?" ಎಂದು ತಮಗೇ ಹೇಳಿಕೊಂಡರು. ಶೈಲಾಳನ್ನು ಕೇಳಿದರು, "ಹಚ್ಚುವಾಗ ಹಳೇದು ತೆಗೆದಿದ್ರೇನಮ್ಮಾ? ಸರಿಯಾಗಿ ನೆನಪು ಮಾಡ್ಕೋ."

ಶೈಲಾ ತಾನೇ ಎಲ್ಲೋ ತಪ್ಪಿದೆನೇನೋ ಎಂದು ಬೆರಳು ಮಡಚಿ ದಿನ ಎಣಿಸತೊಡಗಿದಳು. ಅವಳ ಬಾಯಿಯ ಗಾಳಿಯಿಂದ ನನ್ನ ಹೆಂಡತಿ ಬದುಕಿದ್ದಳು. ಈಗ ಅವಳೇ ಅಪರಾಧಿಯಂತೆ ನಿಂತಿದ್ದಳು.

"ಸರ್, ಇನ್ನೊಂದು ಐತ್ರಿ" ಎಂದೆ. "ನಡುವಿನ ಮ್ಯಾಲ. ನಾನಾ ಹಚ್ಚೀನಿ. ಶಾಖಾನೂ ಕೊಟ್ಟೀನಿ."

ಸಿಸ್ಟರ್ ಮಗ್ಗುಲಾಗಿಸಿ ಸೀರೆ ಸಡಿಲಿಸಿದರು. ಪಟ್ಟಿ ಅಲ್ಲೇ ಇತ್ತು. ಕಿತ್ತು, ಜಾಗ ಒರೆಸಿ, ಅಮಲು ಬಿಡಿಸುವ ಮದ್ದನ್ನು ಡ್ರಿಪ್‌ನಲ್ಲಿ ಸತತವಾಗಿ ಹರಿಸಿದರು. ಡಾಕ್ಟರ್ ಕೂಗಾಡಲಿಲ್ಲ. "ಬಿಸಿ ತಾಗಿದ್ರೆ ಔಷಧ ಒಮ್ಮೆಲೇ ಒಳಗೆ ನುಗ್ಗುತ್ತೆ ಅಜ್ಜಾ. ಈಗಲಾದ್ರೂ ಹೇಳಿದ್ರಿ. ಕೊಟ್ಟಿದ್ದೇನು ಅಂತ ಗೊತ್ತಾದ್ರೆ ನಾವು ಏನಾದ್ರೂ ಮಾಡಬಹುದು" ಎಂದರು. ದಾವಣಗೆರೆಗೆ ಕಳಿಸಿದರು. ದಾರಿಯುದ್ದಕ್ಕೂ ಶೈಲಾ ನನಗೆ ಬೆನ್ನು ತಿರುಗಿಸಿಕೊಂಡು, ಅತ್ತೆಯ ಎದೆ ಏಳುವುದನ್ನೇ ನೋಡುತ್ತಾ ಕೂತಿದ್ದಳು.

ಗಿರಿಜಾ ಮನೆಗೆ ಬಂದಳು. ಕ್ಯಾನ್ಸರ್ ಎಲ್ಲಿಗೂ ಹೋಗಿಲ್ಲ. ಡಾಕ್ಟರ್ ಪಟ್ಟಿಯ ಪ್ರಮಾಣ ಹೊಂದಿಸಿ ಕೊಟ್ಟಿದ್ದಾರೆ. ಔಷಧ ಕೆಟ್ಟದ್ದಲ್ಲ, ಅದರಿಂದಲೇ ಅವಳು ದಿಂಬಿಗೆ ಒರಗಿ ಕೂತು ಮಾಬುಬ್ಬಿಯ ಜೊತೆ ಹರಟುತ್ತಾಳೆ. ಶಾಖಕ್ಕೆ ಬರುವವರನ್ನು ನಾನು ಈಗ ಮೊದಲು ಕೇಳುತ್ತೇನೆ, ಮೈಮೇಲೆ ಯಾವ ಪಟ್ಟಿಯಾದರೂ ಇದೆಯೇ ಎಂದು. ಏನಾಯಿತೆಂದು ಕೇಳಿದವರಿಗೆ ಎಲ್ಲವನ್ನೂ ಹೇಳುತ್ತೇನೆ, ಸುಳ್ಳು ಹೇಳಿದ್ದನ್ನೂ ಸೇರಿಸಿ.

ಒಂದು ಮಧ್ಯಾಹ್ನ ಗಿರಿಜಾಳ ಮುಂದೆ ತಪ್ಪು ಒಪ್ಪಿಕೊಂಡೆ.

"ಪಟ್ಟಿ ಹಚ್ಚಿದ್ದಕ್ಕ ನಾ ಏನೂ ಅನ್ನಂಗಿಲ್ಲ. ನನ್ನ ನೋವು ನೋಡಲಾರದ ಹಚ್ಚೀರಿ. ಆದ್ರ ಆ ಹುಡುಗಿ ತಲಿ ಮ್ಯಾಲ ತಪ್ಪು ಬರೂವರಿಗೂ ಬಾಯಿ ಮುಚ್ಕೊಂಡಿದ್ರಲ್ಲ, ಅದನ್ನ ನನಗ ಯಾಕ ಹೇಳ್ತೀರಿ? ಒಳಗ ರೊಟ್ಟಿ ಬಡಿಯಾಕತ್ಯಾಳ, ಹೋಗ್ರಿ."

ಹೋದೆ. ಒಲೆಯ ಮುಂದೆ ನಿಂತು ತಪ್ಪಾಯಿತೆಂದು ಹೇಳಿದೆ. ಮಾವನಾದವನು ಸೊಸೆಗೆ ಹಾಗೆ ಹೇಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಮಾತು ತೊದಲಿತು. ಶೈಲಾ ರೊಟ್ಟಿ ಮಗುಚಿದಳು. ಬೆಂದ ಮೇಲೆ ಹಂಚಿನಿಂದ ಇಳಿಸಿದಳು.

"ಇವತ್ತು ಪಟ್ಟಿ ಬದಲು ಮಾಡೋದೈತಿ" ಎಂದಳು ಕೊನೆಗೆ. "ಕೈ ತೊಳಕೊಂಡು ಬರ್ರಿ ಮಾವಾರ. ಇವತ್ತು ನೀವ ಹಚ್ಚಬೇಕು, ನಾ ನೋಡ್ತೀನಿ."

ಅವಳು ಹೇಳಿದಂತೆ ಹಳೆಯದನ್ನು ಬಿಡಿಸಿದೆ. ಅಂಟು ಒಳಗಾಗುವಂತೆ ಮಡಚಿದೆ. ಹೊಸದನ್ನು ಎದೆಯ ಇನ್ನೊಂದು ಬದಿಗೆ ಇಟ್ಟು ಅಂಗೈಯಿಂದ ಒತ್ತಿ ಹಿಡಿದೆ. ಗಿರಿಜಾ ಸೂರು ನೋಡುತ್ತಾ ಮಲಗಿದ್ದಳು. ಶೈಲಾ "ಸಾಕ್ರಿ" ಎನ್ನುವವರೆಗೂ ನಾನು ಕೈ ತೆಗೆಯಲಿಲ್ಲ.